ಅಚ್ಚಿನ ತಪ್ಪೋ, ಅರದ ಕೈಚಳಕವೋ

ಹತ್ತು ರೂಪಾಯಿಯ ನಾಣ್ಯ ಕೊಟ್ಟರೆ ಮುಖ ಸಿಂಡರಿಸಿ ‘ನೋಟಿದ್ರೆ ಕೊಡಿ’ ಅನ್ನುವ ಅಂಗಡಿಗಳು ನಮ್ಮ ರಾಜ್ಯದಲ್ಲಿ ಈಗಲೂ ಸಿಗುತ್ತವೆ. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ಖೋಟಾ ಎಂಬ ಪುಕಾರಿಗೆ ಹೆದರಿ ಜನ ಆ ನಾಣ್ಯವನ್ನೇ ಮುಟ್ಟದಾದಾಗ ರಿಸರ್ವ್ ಬ್ಯಾಂಕ್ ನಡುವೆ ಬರಬೇಕಾಯಿತು. ಈವರೆಗೆ 14 ವಿನ್ಯಾಸಗಳಲ್ಲಿ ಹೊರಬಂದಿವೆ, ಎಲ್ಲವೂ ಚಲಾವಣೆಯವೇ ಎಂದು 2018ರ ಜನವರಿಯಲ್ಲಿ ಅದು ಸಾರಿತು. ಗಲ್ಲಾಪೆಟ್ಟಿಗೆಯ ಮುಂದೆ ಹತ್ತು ರೂಪಾಯಿಗೂ ಬೇಡವಾದ ಅದೇ ನಾಣ್ಯ ಮೊಬೈಲಿನ ಪರದೆ ಹತ್ತಿದರೆ ಬೇರೆಯೇ ಅವತಾರ ತಾಳುತ್ತದೆ. ‘ನಡುವಿನ ಬಿಲ್ಲೆ ತಿರುಗಿದೆ, ಅಪರೂಪದ ಮಿಂಟ್ ಎರರ್, ಚೌಕಾಸಿ ಇಲ್ಲ’ ಎಂಬ ಅಡಿಬರಹ, ಅದರ ಕೆಳಗೆ ಐದಂಕಿಯ ಬೆಲೆ.

ಆ ನಾಣ್ಯ ಖೋಟಾ ಎಂದು ಹೇಳುವುದಕ್ಕೆ ಅದನ್ನು ಕೈಯಲ್ಲಿ ಹಿಡಿದು ನೋಡುವುದೂ ಬೇಡ. ಯಾಕೆಂದರೆ ಅಂಥ ತಪ್ಪು ಟಂಕಸಾಲೆಯಲ್ಲಿ ಆಗಲು ಸಾಧ್ಯವೇ ಇಲ್ಲ. ಯಾಕೆ ಸಾಧ್ಯವಿಲ್ಲ ಎಂಬುದು ತಿಳಿದರೆ ಉಳಿದ ಮುಕ್ಕಾಲು ಪಾಲು ಮೋಸಗಳೂ ತಾವಾಗಿಯೇ ಬಯಲಾಗುತ್ತವೆ.

ನಾಣ್ಯ ಹುಟ್ಟುವ ಕ್ರಮ ಹೀಗೆ. ಲೋಹದ ಉದ್ದನೆಯ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕಾಯಿಸಿ ಮೆದುವಾಗಿಸುತ್ತಾರೆ. ಬಳಿಕ ಬಿಲ್ಲೆಯನ್ನು ಸುತ್ತಲೂ ಒತ್ತಿ ಉರುಳಿಸಿ ಅಂಚನ್ನು ತುಸು ಎಬ್ಬಿಸುತ್ತಾರೆ. ಕೊನೆಗೆ ಅದು ಪ್ರೆಸ್ಸಿನೊಳಗೆ ಹೋಗಿ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂರುತ್ತದೆ. ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ನಡುವೆ ಬಿಲ್ಲೆ. ಟನ್ನುಗಟ್ಟಲೆ ಭಾರದ ಒಂದು ಏಟು ಬೀಳುತ್ತದೆ. ಎರಡು ಮುಖದ ಚಿತ್ರ, ಅಂಚಿನ ಹಲ್ಲುಗೆರೆ ಎಲ್ಲ ಮೂಡುವುದು ಆ ಒಂದೇ ಏಟಿಗೆ. ನಿಮಿಷಕ್ಕೆ ನೂರಾರು ನಾಣ್ಯ ಹೀಗೆ ಉದುರುವಾಗ ಎಲ್ಲೋ ಒಂದು ಅಡ್ಡಾದಿಡ್ಡಿಯಾಗುವುದು ಸಹಜ. ಸಂಗ್ರಾಹಕರು ಬೆನ್ನು ಹತ್ತುವುದು ತಪಾಸಣೆಯವರ ಕಣ್ಣು ತಪ್ಪಿಸಿ ಹೊರಬಿದ್ದ ಅಂಥವುಗಳನ್ನೇ.

ಹತ್ತು ರೂಪಾಯಿಯ ನಾಣ್ಯದಲ್ಲಿ ಹಳದಿ ಬಳೆ ಬೇರೆ, ಬಿಳಿ ಬಿಲ್ಲೆ ಬೇರೆ. ಪ್ರೆಸ್ಸಿಗೆ ಹೋಗುವಾಗ ಎರಡೂ ಬೋಳು, ಎರಡರ ಮೇಲೂ ಏನೂ ಇರುವುದಿಲ್ಲ. ಏಟು ಬಿದ್ದಾಗಲೇ ಬಿಲ್ಲೆ ಹಿಗ್ಗಿ ಬಳೆಗೆ ಕಚ್ಚಿಕೊಳ್ಳುತ್ತದೆ, ಆಗಲೇ ಒಂದೇ ಅಚ್ಚು ಎರಡರ ಮೇಲೂ ಚಿತ್ರವನ್ನು ಒತ್ತುತ್ತದೆ. ಬೋಳು ಬಿಲ್ಲೆ ಯಾವ ದಿಕ್ಕಿಗೆ ತಿರುಗಿ ಕೂತಿದ್ದರೇನು? ಚಿತ್ರ ಮಾತ್ರ ಬಳೆಯಿಂದ ಬಿಲ್ಲೆಗೆ ಹೊಂದಿಕೊಂಡೇ ಬರಬೇಕು. ಬಳೆಯ ಅಕ್ಷರ ನೆಟ್ಟಗಿದ್ದು ನಡುವಿನ ಸಿಂಹ ಮಾತ್ರ ಓರೆಯಾಗಿ ಮಲಗಿದೆಯೆಂದರೆ ಯಾರೋ ಬಿಲ್ಲೆಯನ್ನು ಹೊರಗೆ ತಳ್ಳಿ, ತಿರುಗಿಸಿ ಮತ್ತೆ ಒತ್ತಿದ್ದಾರೆ ಎಂದೇ ಅರ್ಥ. ನಡುಬಿಲ್ಲೆ ಹಿಂದುಮುಂದಾಗಿ ಕೂತಿದ್ದರೂ ಇದೇ ಮಾತು. ಹೊಂದಿಕೆಯ ಜಾಗದಲ್ಲಿ ಸಣ್ಣ ಗೀರುಗಳು, ಬಿಲ್ಲೆಯ ಮೊಂಡಾದ ಅಂಚು, ಕೆಲವೊಮ್ಮೆ ಅಂಟಿನ ಹೊಳಪು ಕಾಣುತ್ತವೆ. ಅವೆಲ್ಲ ಆಮೇಲಿನ ಸಾಕ್ಷಿ, ಮೊದಲನೆಯ ತರ್ಕವೇ ಸಾಕು.

ಹಾಗಾದರೆ ಈ ನಾಣ್ಯದಲ್ಲಿ ನಿಜವಾದ ತಪ್ಪು ಹೇಗಿರುತ್ತದೆ? ಬಳೆಯ ತೂತು ಒಂದು ಬದಿಗೆ ಸರಿದಿರಬಹುದು, ಬಿಲ್ಲೆ ಸರಿಯಾಗಿ ಕೂರದೆ ಬಳೆಯ ಮೇಲೆ ಹತ್ತಿರಬಹುದು. ಆಗ ಬಿಳಿ ಭಾಗ ಎಲ್ಲಿಗೇ ಸರಿದಿರಲಿ, ಚಿತ್ರ ಮಾತ್ರ ಎರಡು ಲೋಹಗಳ ಮೇಲೂ ತುಂಡಾಗದೆ ಹರಿದಿರುತ್ತದೆ. ನಡುಬಿಲ್ಲೆಯೇ ಇಲ್ಲದೆ ಬರಿ ಬಳೆ ಮುದ್ರೆಯಾಗಿದ್ದರೆ, ತಡೆಯುವವರಿಲ್ಲದ ಲೋಹ ತೂತಿನ ಒಳಕ್ಕೆ ತಳ್ಳಿಕೊಂಡು ಬಂದಿರುತ್ತದೆ. ಮುದ್ರೆಯಾದ ಮೇಲೆ ಬಿಲ್ಲೆಯನ್ನು ಕಿತ್ತು ‘ಮಿಸ್ಸಿಂಗ್ ಸೆಂಟರ್’ ಎಂದು ಮಾರುವ ಬಳೆಯಲ್ಲಿ ಒಳಗೋಡೆ ಚೊಕ್ಕಟವಾಗಿರುತ್ತದೆ, ಬಿಲ್ಲೆ ಕಚ್ಚಿಕೊಂಡಿದ್ದ ಗುರುತೂ ಉಳಿದಿರುತ್ತದೆ.

ಇಲ್ಲೊಂದು ಕಾನೂನಿನ ಮಾತು ಹೇಳಿಬಿಡಬೇಕು. 2011ರ ನಾಣ್ಯ ಕಾಯ್ದೆ ನಾಣ್ಯವನ್ನು ವಿರೂಪಗೊಳಿಸುವುದೆಂದರೆ ಏನೆಂದು ವಿವರಿಸುವಾಗ ಕತ್ತರಿಸುವುದು, ಅರದಿಂದ ಉಜ್ಜುವುದು, ಮುದ್ರೆ ಒತ್ತುವುದು ಎಂದು ಹೆಸರಿಸಿಯೇ ಹೇಳುತ್ತದೆ. ಸಹಜ ಸವೆತವಲ್ಲದೆ ಮೇಲ್ಮೈಯನ್ನೋ ಆಕಾರವನ್ನೋ ಬದಲಿಸಿದ್ದು ಕಂಡರೆ ಆ ನಾಣ್ಯ ಕಾನೂನಿನ ಚಲಾವಣೆಯ ಅರ್ಹತೆ ಕಳೆದುಕೊಳ್ಳುತ್ತದೆ. ನಾಣ್ಯ ಕರಗಿಸುವುದು, ನಾಶ ಮಾಡುವುದು ಜೈಲಿಗೆ ಹೋಗುವ ಅಪರಾಧ. ಅಂದರೆ ಅರ ಹಾಕಿದ ‘ಎರರ್’ ನಾಣ್ಯವನ್ನು ಸಾವಿರಾರು ಕೊಟ್ಟು ಕೊಂಡವನ ಕೈಗೆ ಬಂದದ್ದು ಸಾವಿರದ ವಸ್ತುವಲ್ಲದಿರುವುದು ಹಾಗಿರಲಿ, ಕಾನೂನಿನ ಲೆಕ್ಕದಲ್ಲಿ ಅದು ಹತ್ತು ರೂಪಾಯಿಯೂ ಅಲ್ಲ.

ಮಾರುವವನಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ತಪ್ಪು ಯಾವ ಹಂತದಲ್ಲಿ ಆಯಿತು? ಬಿಲ್ಲೆ ಕತ್ತರಿಸುವಾಗಲೇ, ಅಚ್ಚಿನಲ್ಲೇ, ಏಟು ಬೀಳುವಾಗಲೇ? ನಿಜವಾದ ತಪ್ಪಿಗೆ ಇದರಲ್ಲಿ ಒಂದು ಉತ್ತರ ಇದ್ದೇ ಇರುತ್ತದೆ, ನಾಣ್ಯದ ಎರಡೂ ಮುಖ ಮತ್ತು ಅಂಚು ಅದೇ ಉತ್ತರವನ್ನು ಹೇಳುತ್ತವೆ. ಮನೆಯಲ್ಲಿ ತಯಾರಾದ ತಪ್ಪಿನಲ್ಲಿ ಒಂದು ಮುಖ ಒಂದು ಕತೆ ಹೇಳಿದರೆ ಅಂಚು ಇನ್ನೊಂದು ಕತೆ ಹೇಳುತ್ತದೆ.

ಕಚ್ಚಿದಂತಿರುವ ನಾಣ್ಯವನ್ನೇ ನೋಡಿ. ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬದ ಮುಚ್ಚಳ ಒತ್ತಿ ಪೂರಿ ಕತ್ತರಿಸುವಾಗ, ಈಗಾಗಲೇ ಕತ್ತರಿಸಿದ ಜಾಗಕ್ಕೆ ಮುಚ್ಚಳ ತುಸು ತಾಗಿದರೆ ಪೂರಿಯ ಒಂದು ಬದಿ ಅರ್ಧಚಂದ್ರದಂತೆ ಹೋಗಿರುತ್ತದಲ್ಲ, ಬಿಲ್ಲೆಗೂ ಹಾಗೆಯೇ ಆಗುತ್ತದೆ. ಇದು ‘ಕ್ಲಿಪ್ಡ್ ಪ್ಲಾನ್ಶೆಟ್’. ತಪ್ಪು ಆದದ್ದು ಮೊದಲ ಹಂತದಲ್ಲಿ, ಅಚ್ಚಿನ ಏಟು ಬಿದ್ದದ್ದು ಆಮೇಲೆ. ಹೀಗಾಗಿ ಏಟು ಬಿದ್ದಾಗ ಆ ಖಾಲಿ ಜಾಗದತ್ತ ಲೋಹ ಹರಿದಿರುತ್ತದೆ, ಅದರ ಪಕ್ಕದ ಅಕ್ಷರಗಳು ಆ ಕಡೆಗೆ ಎಳೆದಂತೆ, ಸೊರಗಿದಂತೆ ಕಾಣುತ್ತವೆ. ಇನ್ನೂ ಸ್ವಾರಸ್ಯದ ಸಂಗತಿ ನಾಣ್ಯದ ಎದುರು ಬದಿಯಲ್ಲಿದೆ. ಅಂಚು ಎಬ್ಬಿಸುವ ಯಂತ್ರದಲ್ಲಿ ಬಿಲ್ಲೆ ಎರಡು ಕಡೆಯಿಂದ ಒತ್ತಿಸಿಕೊಂಡು ಉರುಳುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಅದಕ್ಕೆ ನೇರ ಎದುರಿನ ಜಾಗಕ್ಕೂ ಒತ್ತಡ ಸಿಗುವುದಿಲ್ಲ, ಅಲ್ಲಿ ಅಂಚು ಮಸುಕಾಗಿ ಉಳಿಯುತ್ತದೆ. ಸಂಗ್ರಾಹಕರು ಇದನ್ನು ಬ್ಲೇಕ್ಸ್ಲಿ ಪರಿಣಾಮ ಎನ್ನುತ್ತಾರೆ. ಎಲ್ಲ ಅಸಲಿ ನಾಣ್ಯಗಳಲ್ಲೂ ಇದು ಎದ್ದು ಕಾಣಲೇಬೇಕೆಂದಿಲ್ಲ, ಆದರೆ ಕಂಡರೆ ಬಹಳ ಬಲವಾದ ಸಾಕ್ಷಿ. ಅರ ಹಿಡಿದು ಉಜ್ಜಿದವನಿಗೆ ಎದುರಿನ ಅಂಚಿನ ನೆನಪೇ ಇರುವುದಿಲ್ಲ. ಅವನು ಕಡಿದ ಜಾಗದಲ್ಲಿ ಅಕ್ಷರಗಳು ಚಾಕುವಿನಿಂದ ಕತ್ತರಿಸಿದಂತೆ ಥಟ್ಟನೆ ನಿಂತಿರುತ್ತವೆ. ಮಸೂರದ ಕೆಳಗೆ ಹಿಡಿದರೆ ಕಡಿತದ ಮೇಲೆ ಸಮಾನಾಂತರ ಗೀರುಗಳು, ಹಳೆಯ ನಾಣ್ಯದ ನಡುವೆ ಅಲ್ಲಿ ಮಾತ್ರ ಹೊಸ ಲೋಹದ ಹೊಳಪು.

ಸಂತೆ ಮಾಳದಲ್ಲೂ ಆನ್‌ಲೈನಿನಲ್ಲೂ ಧಾರಾಳವಾಗಿ ಸಿಗುವ ಇನ್ನೊಂದು ಸರಕು ‘ಬ್ರಾಡ್ ಸ್ಟ್ರೈಕ್’. ಕಾಲರ್ ತನ್ನ ಜಾಗದಲ್ಲಿ ಇಲ್ಲದಾಗ ಏಟು ಬಿದ್ದರೆ ಲೋಹ ಸುತ್ತಲೂ ಹರಡಿ ನಾಣ್ಯ ಅಗಲವಾಗುತ್ತದೆ. ಮಕ್ಕಳು ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯವೂ ಅಗಲವಾಗುತ್ತದೆ, ಸುತ್ತಿಗೆಯಿಂದ ಬಡಿದದ್ದೂ ಅಗಲವಾಗುತ್ತದೆ. ಬೇರ್ಪಡಿಸುವುದು ಸುಲಭ. ಅಚ್ಚು ಉಕ್ಕಿನದು, ಅದು ಹಿಗ್ಗುವುದಿಲ್ಲ. ಆದ್ದರಿಂದ ಅಸಲಿ ಬ್ರಾಡ್ ಸ್ಟ್ರೈಕಿನಲ್ಲಿ ಸಿಂಹದ ತಲೆ, ಅಂಕಿ, ಅಕ್ಷರ ಹೆಚ್ಚುಕಡಿಮೆ ಮಾಮೂಲಿ ನಾಣ್ಯದಲ್ಲಿರುವ ಗಾತ್ರದಲ್ಲೇ ಇರುತ್ತವೆ, ಅಗಲವಾದದ್ದು ಹೊರಗಿನ ಲೋಹ ಮಾತ್ರ. ರೈಲಿನ ಗಾಲಿ ಹರಿದ ನಾಣ್ಯದಲ್ಲಿ ಚಿತ್ರವೇ ಹಿಗ್ಗಿ ಸೋರಿಹೋಗಿರುತ್ತದೆ. ಒಂದು ಮಾಮೂಲಿ ನಾಣ್ಯವನ್ನು ಪಕ್ಕಕ್ಕಿಟ್ಟು ಅಳೆದರೆ ಮುಗಿಯಿತು.

ಏಟಿನ ತಪ್ಪುಗಳಲ್ಲಿ ನನಗೆ ಎಲ್ಲಕ್ಕಿಂತ ಚೆಲುವಾಗಿ ಕಾಣುವುದು ಬ್ರೊಕೇಜ್. ನಮ್ಮ ವ್ಯಾಪಾರಿಗಳ ಬಾಯಲ್ಲಿ ಇದು ‘ಲಾಖಿ’. ಮುದ್ರೆಯಾದ ನಾಣ್ಯ ಹೊರಬೀಳದೆ ಒಂದು ಅಚ್ಚಿಗೆ ಅಂಟಿಕೊಳ್ಳುತ್ತದೆ, ಅಷ್ಟರಲ್ಲಿ ಮುಂದಿನ ಬಿಲ್ಲೆ ಬಂದು ಕೂರುತ್ತದೆ. ಈಗ ಆ ಬಿಲ್ಲೆಯ ಒಂದು ಮುಖಕ್ಕೆ ಅಚ್ಚು ತಾಗುತ್ತದೆ, ಇನ್ನೊಂದು ಮುಖಕ್ಕೆ ತಾಗುವುದು ಹಿಂದಿನ ನಾಣ್ಯ. ಫಲವಾಗಿ ಒಂದು ಕಡೆ ಸರಿಯಾದ ಚಿತ್ರ, ಇನ್ನೊಂದು ಕಡೆ ಅದೇ ಚಿತ್ರದ ಕನ್ನಡಿಬಿಂಬ ತಗ್ಗಿನಲ್ಲಿ. ಅಂಟಿದ ನಾಣ್ಯ ಆಗಷ್ಟೇ ಅಂಟಿದ್ದಾದರೆ ಬಿಂಬ ಚೂಪಾಗಿ ಬರುತ್ತದೆ, ಏಟಿನ ಮೇಲೆ ಏಟು ತಿಂದಷ್ಟೂ ಅದು ಹರಡಿ ಮಸುಕಾಗುತ್ತದೆ. ಇದನ್ನು ನಕಲು ಮಾಡುವವರಿಗೆ ಬೇಕಾದದ್ದು ಎರಡು ನಾಣ್ಯ, ಒಂದು ಬೆಂಚ್ ವೈಸ್. ಎರಡನ್ನೂ ಜೋಡಿಸಿ ಬಿಗಿದರೆ ಒಂದರ ಅಚ್ಚು ಇನ್ನೊಂದರ ಮೇಲೆ ತಗ್ಗಾಗಿ ಬೀಳುತ್ತದೆ. ಫೋಟೋದಲ್ಲಿ ನೋಡಿದರೆ ಮರುಳಾಗುವಂತೆಯೇ ಇರುತ್ತದೆ.

ಆದರೆ ಹಂತದ ಪ್ರಶ್ನೆ ಇಲ್ಲೂ ಬಿಡುವುದಿಲ್ಲ. ಅಸಲಿ ಲಾಖಿಯಲ್ಲಿ ಕನ್ನಡಿಬಿಂಬ ಬಿದ್ದ ಮುಖಕ್ಕೆ ಅದರ ಸ್ವಂತ ಚಿತ್ರ ಬಿದ್ದೇ ಇಲ್ಲ, ಅಚ್ಚು ಅದನ್ನು ಮುಟ್ಟಿಯೇ ಇಲ್ಲವಲ್ಲ. ವೈಸಿನಲ್ಲಿ ತಯಾರಾದದ್ದರಲ್ಲಿ ಮೊದಲೇ ಇದ್ದ ಅಂಕಿ, ಇಸವಿ ಎಲ್ಲ ಕನ್ನಡಿಬಿಂಬದ ಅಡಿಯಲ್ಲಿ ಅಡ್ಡಾದಿಡ್ಡಿ ಇಣುಕುತ್ತಿರುತ್ತವೆ. ಅಸಲಿಯ ಇನ್ನೊಂದು ಮುಖ ಪೂರ್ತಿ ಆರೋಗ್ಯವಾಗಿರುತ್ತದೆ, ನಕಲಿಯದು ವೈಸಿನ ದವಡೆಗೆ ಸಿಕ್ಕಿ ಉಬ್ಬುಗಳೆಲ್ಲ ಚಪ್ಪಟೆಯಾಗಿರುತ್ತದೆ. ಲಾಖಿಯ ಚಿತ್ರ ಕಳಿಸಿದವನು ಇನ್ನೊಂದು ಮುಖ ತೋರಿಸಲು ಹಿಂಜರಿದರೆ ಕಾರಣ ಊಹಿಸಬಹುದು.

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ, 1975ರ ‘ಶೋಲೆ’ಯಲ್ಲಿ ಜೈ ಚಿಮ್ಮುತ್ತಿದ್ದ ನಾಣ್ಯಕ್ಕೆ ಎರಡೂ ಕಡೆ ಒಂದೇ ಮುಖ. ಆ ಚಿತ್ರದ ಕೊನೆಯಲ್ಲಿ ಅದು ಗೊತ್ತಾದಾಗ ಕಣ್ಣೊರೆಸಿಕೊಂಡ ಪೀಳಿಗೆಗೆ ಇಂದು ಆನ್‌ಲೈನಿನಲ್ಲಿ ‘ಎರಡೂ ಕಡೆ ಸಿಂಹ’ದ ನಾಣ್ಯ ಕಂಡರೆ ಒಂದು ಸೆಳೆತ. ಇಂಥ ನಾಣ್ಯಗಳನ್ನು ತಯಾರಿಸುವುದು ಜಾದೂ ಸಾಮಾನು ಮಾಡುವವರ ಹಳೆಯ ವಿದ್ಯೆ. ಒಂದು ನಾಣ್ಯವನ್ನು ಲೇತಿನಲ್ಲಿ ತಟ್ಟೆಯಂತೆ ಕೊರೆದು, ಇನ್ನೊಂದನ್ನು ತೆಳುವಾಗಿ ಸವೆಸಿ ಅದರೊಳಗೆ ಕೂರಿಸುತ್ತಾರೆ. ಕೂಡಿಸಿದ ಗೆರೆ ಅಂಚಿನ ಮೇಲೆ ಇರುವುದಿಲ್ಲ, ಎದ್ದ ಅಂಚಿನ ಒಳಮಗ್ಗುಲಲ್ಲಿ ಸುತ್ತಲೂ ಅಡಗಿರುತ್ತದೆ. ಕಲ್ಲಿನ ಮೇಲೆ ಬೀಳಿಸಿ ಕೇಳಿದರೆ ಅಸಲಿ ನಾಣ್ಯದ ಖಣಖಣ ಇದಕ್ಕಿಲ್ಲ, ದಬ್ ಎನ್ನುತ್ತದೆ. ತೂಕವೂ ಸಾಮಾನ್ಯವಾಗಿ ಹೊಂದುವುದಿಲ್ಲ. ಎರಡು ಒಂದೇ ಬಗೆಯ ಅಚ್ಚುಗಳು ತಪ್ಪಿ ಪ್ರೆಸ್ಸಿಗೇರಿದ ಪ್ರಸಂಗಗಳು ಲೋಕದಲ್ಲಿ ಇಲ್ಲವೆಂದಲ್ಲ, ಇವೆ. ಆದರೆ ಅವು ಎಷ್ಟು ವಿರಳವೆಂದರೆ, ಮೊಬೈಲಿನಲ್ಲಿ ಎರಡು ಸಾವಿರಕ್ಕೆ ಸಿಗುತ್ತಿದೆ ಎಂಬುದೇ ಅದು ಅಂಥದ್ದಲ್ಲ ಎನ್ನಲು ಸಾಕ್ಷಿ.

‘ಡೈ ರೊಟೇಶನ್’ ಎಂದು ಮಾರುವುದೂ ಉಂಟು. ಭಾರತದ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಇನ್ನೊಂದು ಮುಖ ನೆಟ್ಟಗೆ ನಿಲ್ಲುತ್ತದೆ. ಅಚ್ಚು ಸಡಿಲಗೊಂಡು ತಿರುಗಿದ್ದರೆ ಓರೆಯಾಗಿ ನಿಲ್ಲುತ್ತದೆ. ಇದು ಅಸಲಿ ತಪ್ಪು, ತಿರುಗಿದ ಕೋನ ಹೆಚ್ಚಿದ್ದಷ್ಟೂ ಬೇಡಿಕೆ ಹೆಚ್ಚು. ಆದರೆ ಅಮೆರಿಕದ ನಾಣ್ಯಗಳು ಹುಟ್ಟಾ ತಲೆಕೆಳಗು, ಪಕ್ಕಕ್ಕೆ ಮಗುಚಿದರೆ ಹಿಂಬದಿ ಉಲ್ಟಾ ಕಾಣುವುದೇ ಅಲ್ಲಿನ ಕ್ರಮ. ಅಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಕ್ವಾರ್ಟರನ್ನು 180 ಡಿಗ್ರಿ ಎರರ್ ಎಂದು ಮಾರಾಟಕ್ಕಿಟ್ಟವರಲ್ಲಿ ಮೋಸಗಾರರಿಗಿಂತ ಅಮಾಯಕರೇ ಜಾಸ್ತಿ ಇರಬೇಕು.

ಬಣ್ಣದ ಮೋಸಕ್ಕೆ ಅಯಸ್ಕಾಂತ ಮತ್ತು ತಕ್ಕಡಿ ಮದ್ದು. ಇದಕ್ಕೊಂದು ಒಳ್ಳೆಯ ಪಾಠ 1943ರಲ್ಲಿದೆ. ಎರಡನೆಯ ಮಹಾಯುದ್ಧಕ್ಕೆ ತಾಮ್ರ ಬೇಕಾಗಿ ಎಲ್ಲ ಕಡೆ ಟಂಕಸಾಲೆಗಳು ಕೈ ಬಿಗಿ ಹಿಡಿದಿದ್ದ ಕಾಲ. ಬ್ರಿಟಿಷ್ ಇಂಡಿಯಾದ ಒಂದು ಪೈಸೆಗೆ ನಡುವೆ ತೂತು ಬಿದ್ದದ್ದು ಆಗಲೇ. ನಮ್ಮ ಅಜ್ಜಿಯರು ಹೇಳುತ್ತಿದ್ದ ತೂತು ಕಾಸು ಅದು. ಅದೇ ವರ್ಷ ಅಮೆರಿಕ ತನ್ನ ಒಂದು ಸೆಂಟಿನ ನಾಣ್ಯವನ್ನು ತಾಮ್ರ ಬಿಟ್ಟು ಸತು ಲೇಪಿಸಿದ ಉಕ್ಕಿನಲ್ಲಿ ಹೊಡೆಯಿತು. ಹಿಂದಿನ ವರ್ಷದ ಕೆಲವು ಕಂಚಿನ ಬಿಲ್ಲೆಗಳು ಯಂತ್ರದಲ್ಲಿ ಉಳಿದಿದ್ದು ಅವುಗಳ ಮೇಲೂ 1943 ಎಂದು ಬಿತ್ತು. ಹಾಗೆ ಹುಟ್ಟಿದ ಬೆರಳೆಣಿಕೆಯ ನಾಣ್ಯಗಳು ಹರಾಜಿನಲ್ಲಿ ಲಕ್ಷಾಂತರ ಡಾಲರಿಗೆ ಹೋಗುತ್ತವೆ. ಸಹಜವಾಗಿಯೇ ಉಕ್ಕಿನ ಸೆಂಟಿಗೆ ತಾಮ್ರದ ನೀರು ಕೊಟ್ಟವರು ಸಾವಿರಾರು ಮಂದಿ, 1948ರ ನಾಣ್ಯದ 8ನ್ನು ಕೆತ್ತಿ 3 ಮಾಡಿದವರೂ ಇದ್ದಾರೆ. ಮೊದಲನೆಯವರನ್ನು ಅಯಸ್ಕಾಂತ ಹಿಡಿದುಕೊಡುತ್ತದೆ. ಉಕ್ಕಿನ ಸೆಂಟು 2.70 ಗ್ರಾಂ, ಕಂಚಿನದು 3.11 ಗ್ರಾಂ, ಹಾಗಾಗಿ ತಕ್ಕಡಿಯೂ ಹಿಡಿದುಕೊಡುತ್ತದೆ. ಎರಡನೆಯವರಿಗೆ ಮಸೂರ ಬೇಕು. ಅಸಲಿ 1943ರ 3ರ ಬಾಲ ನಾಣ್ಯದ ಉಳಿದ ಅಂಕಿಗಳಿಗಿಂತ ಕೆಳಗೆ ಇಳಿದಿರುತ್ತದೆ, ಕೆತ್ತಿದ 3 ಹಾಗೆ ಇಳಿಯುವುದಿಲ್ಲ.

ನಮ್ಮ ನಾಣ್ಯಗಳಿಗೂ ಇದೇ ಲೆಕ್ಕ. 1992ರಿಂದ ಬಂದ ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ, ಅಯಸ್ಕಾಂತಕ್ಕೆ ಅಂಟುತ್ತದೆ. ಅದಕ್ಕೆ ತಾಮ್ರದ ಬಣ್ಣ ಬಳಿದು ‘ಬೇರೆ ಲೋಹದ ಎರರ್’ ಎಂದರೆ ಅಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಕತೆ ಮುಗಿಯಿತು. ತಪ್ಪು ಬಿಲ್ಲೆಯ ಮೇಲೆ ಮುದ್ರೆಯಾದ ನಾಣ್ಯಕ್ಕೆ ಇನ್ನೊಂದು ನಾಣ್ಯದ ತೂಕವೇ ಇರಬೇಕು, ನಡುವಿನ ಯಾವುದೋ ತೂಕ ಇರಲಾಗದು. ಐವತ್ತು ಪೈಸೆಯ ಸ್ಟೀಲ್ ಬಿಲ್ಲೆ ರೂಪಾಯಿಯ ಅಚ್ಚಿನೊಳಗೆ ಹೋಗಿದ್ದರೆ ತೂಕ ಸುಮಾರು 3.8 ಗ್ರಾಂ ಬರಬೇಕು. ಬಿಲ್ಲೆ ಚಿಕ್ಕದಾದ್ದರಿಂದ ಚಿತ್ರದ ಹೊರಭಾಗ ಅದಕ್ಕೆ ಸಿಗದೆ ಹೋಗಿರಬೇಕು. ರೂಪಾಯಿಯನ್ನೇ ಉಜ್ಜಿ ಚಿಕ್ಕದು ಮಾಡಿದವನ ನಾಣ್ಯ 4.2 ಗ್ರಾಂ ತೂಗಿದರೆ ಅಂಥ ಬಿಲ್ಲೆ ಯಾವ ನಾಣ್ಯದ್ದೆಂದು ಅವನೇ ಹೇಳಬೇಕು. ಆಮ್ಲದಲ್ಲಿ ನೆನೆಸಿ ‘ತೆಳು ಬಿಲ್ಲೆ’ ಎನ್ನುವವರೂ ಇದ್ದಾರೆ. ಆಮ್ಲ ಸಮನಾಗಿ ತಿನ್ನುತ್ತದೆ, ಮೈಯೆಲ್ಲ ಸಣ್ಣ ಗುಳಿ, ಅಕ್ಷರಗಳು ಕಡ್ಡಿಯಾಗಿರುತ್ತವೆ. ಅಚ್ಚಿನ ಏಟು ಹಾಗೆ ಮಾಡುವುದಿಲ್ಲ.

ಇದುವರೆಗೆ ಹೇಳಿದ್ದು ಯಾರೋ ಕೈಯಾರೆ ಮಾಡಿದ ಮೋಸ. ಆದರೆ ಆನ್‌ಲೈನ್ ಪಟ್ಟಿಗಳಲ್ಲಿ ಅದಕ್ಕಿಂತಲೂ ಹೆಚ್ಚಾಗಿ ಕಾಣುವುದು ತಪ್ಪೇ ಅಲ್ಲದ್ದನ್ನು ತಪ್ಪೆಂದು ಮಾರುವುದು. ಇಸವಿಯ ಕೆಳಗಿನ ಚುಕ್ಕೆ, ನಕ್ಷತ್ರ, ವಜ್ರಾಕಾರ ಇವೆಲ್ಲ ನಾಣ್ಯ ಹುಟ್ಟಿದ ಊರಿನ ಗುರುತು: ನೋಯ್ಡಾದ್ದು ಚುಕ್ಕೆ, ಹೈದರಾಬಾದಿನದು ನಕ್ಷತ್ರ, ಮುಂಬೈಯದು ವಜ್ರ. ಕೋಲ್ಕತ್ತಾದ್ದಕ್ಕೆ ಗುರುತೇ ಇಲ್ಲ. ಅದನ್ನು ‘ಗುರುತು ಬಿಟ್ಟುಹೋದ ನಾಣ್ಯ’ ಎಂದು ಮಾರುತ್ತಾರೆ! ನಾಣ್ಯದ ಕೊರತೆಯಾದಾಗ ಸರ್ಕಾರ ಹೊರದೇಶಗಳಲ್ಲೂ ಹೊಡೆಸಿ ತರಿಸಿದ್ದುಂಟು. 1985ರ ಒಂದು ರೂಪಾಯಿಗಳಲ್ಲಿ ಕೆಲವಕ್ಕೆ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯ ‘ಎಚ್’ ಅಕ್ಷರವಿದೆ, 1999ರ ಐದು ರೂಪಾಯಿಗಳಲ್ಲಿ ಮಾಸ್ಕೋದ ಮುದ್ರೆಯಿರುವುದೂ ಇದೆ. ಇವು ಸಂಗ್ರಹಕ್ಕೆ ಸೊಗಸು, ಎರರ್ ಮಾತ್ರ ಅಲ್ಲ. 2012ರಲ್ಲಿ ಶ್ರೀ ಮಾತಾ ವೈಷ್ಣೋದೇವಿ ಮಂದಿರ ಮಂಡಳಿಯ ಬೆಳ್ಳಿಹಬ್ಬಕ್ಕೆಂದು ಬಂದ ಐದು, ಹತ್ತು ರೂಪಾಯಿಯ ನಾಣ್ಯಗಳಂತೂ ಚಲಾವಣೆಗೆಂದೇ ಧಾರಾಳವಾಗಿ ಹೊರಬಂದವು. ಅವು ನಿಮ್ಮನ್ನು ಲಕ್ಷಾಧಿಪತಿ ಮಾಡುತ್ತವೆ ಎಂದು ಕನ್ನಡದಲ್ಲೂ ವರ್ಷಕ್ಕೆ ಹತ್ತು ಸಲ ಸುದ್ದಿಯಾಗುತ್ತದೆ, ಬರೆದವರು ಯಾರೂ ಲಕ್ಷಾಧಿಪತಿಗಳಾದಂತೆ ಕಾಣುವುದಿಲ್ಲ.

ನಮ್ಮ ನೆಲದ ಹಳೆಯ ನಾಣ್ಯಗಳ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಟಿಪ್ಪುವಿನ ಕಾಲದ ಆನೆ ಚಿತ್ರದ ತಾಮ್ರದ ಕಾಸು ಶ್ರೀರಂಗಪಟ್ಟಣದಲ್ಲಿ, ಬೇರೆ ಊರುಗಳಲ್ಲಿ ಕೈಯಿಂದಲೇ ಹೊಡೆದದ್ದು. ಕಾಲರ್ ಇಲ್ಲ, ಬಿಲ್ಲೆಗಿಂತ ಅಚ್ಚು ದೊಡ್ಡದು. ಒಬ್ಬ ಸುತ್ತಿಗೆ ಎತ್ತಿ ಹೊಡೆದರೆ ಆನೆಯ ಬಾಲವೋ ಸೊಂಡಿಲೋ ಹೊರಗುಳಿಯುವುದು ಅಂದಿನ ವಾಡಿಕೆ. ವಿಜಯನಗರದ ಪುಟ್ಟ ವರಾಹಗಳಲ್ಲೂ ಬರಹ ಅರ್ಧಂಬರ್ಧ ಬಿದ್ದಿರುವುದು ಸಾಮಾನ್ಯ. ಇಂಥವನ್ನು ‘ಆಫ್ ಸೆಂಟರ್ ಎರರ್’ ಎಂದು ಹೆಚ್ಚು ಬೆಲೆಗೆ ಮಾರುವವನಿಗೆ ಯಂತ್ರದ ಕಾಲಕ್ಕೂ ಸುತ್ತಿಗೆಯ ಕಾಲಕ್ಕೂ ವ್ಯತ್ಯಾಸ ಗೊತ್ತಿಲ್ಲ, ಇಲ್ಲವೇ ನಮಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತು. ನಿಜಕ್ಕೂ ಅಪರೂಪವಾದದ್ದು ಆನೆಯ ಇಡೀ ಚಿತ್ರ ನಡುವಿಗೆ ಸರಿಯಾಗಿ ಬಿದ್ದಿರುವ ಕಾಸು.

ಆನೆಯ ಮಾತು ಬಂದಾಗ 1911ರ ‘ಹಂದಿ ರೂಪಾಯಿ’ ನೆನಪಾಗದೆ ಇರದು. ಐದನೆಯ ಜಾರ್ಜ್ ದೊರೆ ತೊಟ್ಟ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆಯಿತ್ತು. ಕೆತ್ತನೆಗಾರ ಅದರ ಸೊಂಡಿಲನ್ನು ಮೊಟಕಾಗಿಯೂ ಕಾಲುಗಳನ್ನು ಗಿಡ್ಡವಾಗಿಯೂ ಮಾಡಿದ್ದರಿಂದ ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಗುಲ್ಲೆದ್ದಿತು. ಸರ್ಕಾರ ನಾಣ್ಯ ಬಿಡುವುದನ್ನು ನಿಲ್ಲಿಸಿ ಬಿಡದೆ ಉಳಿದದ್ದನ್ನು ಕರಗಿಸಿತು, 1912ರಲ್ಲಿ ಆನೆಯನ್ನು ಆನೆಯಂತೆಯೇ ತಿದ್ದಿ ಹೊಸ ನಾಣ್ಯ ತಂದಿತು. ಇದು ಯಂತ್ರದ ತಪ್ಪಲ್ಲ, ವಿನ್ಯಾಸದ ಎಡವಟ್ಟು. ಬೆಲೆ ಮಾತ್ರ ಯಾವ ಎರರ್‌ಗೂ ಕಡಿಮೆಯಿಲ್ಲ. 1912ರ 2ನ್ನು ಉಜ್ಜಿ 1 ಮಾಡುವುದು ಕಷ್ಟವೇನಲ್ಲ. ಹಾಗಾಗಿ ಇದನ್ನು ಕೊಳ್ಳುವವರು ಇಸವಿಯನ್ನು ಓದುವ ಮೊದಲು ದೊರೆಯ ಅಂಗಿಯನ್ನು ನೋಡುತ್ತಾರೆ, ಸೊಂಡಿಲು ಉದ್ದವಾಗಿದ್ದರೆ ಇಸವಿ ಏನಿದ್ದರೂ ನಂಬುವುದಿಲ್ಲ. 11.66 ಗ್ರಾಂ ತೂಗದ ರೂಪಾಯಿಯನ್ನಂತೂ ಮೊದಲೇ ಬದಿಗಿಡುತ್ತಾರೆ.

1818 ಎಂದು ಬರೆದ, ರಾಮ ಸೀತೆ ಹನುಮಂತರಿರುವ, ಈಸ್ಟ್ ಇಂಡಿಯಾ ಕಂಪನಿಯ ಹೆಸರಿನ ತಾಮ್ರದ ‘ನಾಣ್ಯ’ಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಕಂಪನಿ ಅಂಥದ್ದನ್ನು ಹೊಡೆಯಲೇ ಇಲ್ಲ. ಅಕ್ಕಿ ಕಾಳನ್ನು ಸೆಳೆಯುತ್ತದೆಂದು ಹೇಳುವ ‘ರೈಸ್ ಪುಲ್ಲಿಂಗ್’ ವಂಚನೆಗೂ ಇದೇ ಸರಕು ಬಳಕೆಯಾಗುವುದರಿಂದ ಇಂಥ ಪಟ್ಟಿ ಕಂಡರೆ ದೂರ ಸರಿಯುವುದೇ ಮೇಲು.

ಇನ್ನು ಫೋಟೋ. ಕೈಯಲ್ಲಿ ಹಿಡಿದರೆ ಒಂದು ನಿಮಿಷಕ್ಕೆ ಗೊತ್ತಾಗುವುದು ಪರದೆಯ ಮೇಲೆ ಗೊತ್ತಾಗದಿರಲು ಕಾರಣ, ಮಾರುವವನು ತೋರಿಸುವುದು ಒಂದೇ ಮುಖ, ಒಂದೇ ಕೋನ. ಆದ್ದರಿಂದ ಅನುಭವಸ್ಥರು ಕೇಳುವುದು ಬೇರೆ ಚಿತ್ರಗಳನ್ನು: ಎರಡೂ ಮುಖ ಒಂದೇ ಬೆಳಕಿನಲ್ಲಿ, ಅಂಚು ಸುತ್ತಲೂ, ದಶಮಾಂಶ ತೋರಿಸುವ ತಕ್ಕಡಿಯ ಮೇಲೆ ನಾಣ್ಯ ಕೂತಿರುವಂತೆ, ಪಕ್ಕದಲ್ಲಿ ಅದೇ ಬಗೆಯ ಮಾಮೂಲಿ ನಾಣ್ಯ. ಬೆಳಕು ಪಕ್ಕದಿಂದ ತಗ್ಗಾಗಿ ಬೀಳಲಿ ಎಂದೂ ಹೇಳುತ್ತಾರೆ, ಗೀರು ಗುಳಿಗಳು ನೇರ ಬೆಳಕಿನಲ್ಲಿ ಮಾಯವಾಗುತ್ತವೆ. ‘ಡಬಲ್ ಪ್ರಿಂಟ್’ ಎಂದು ಮಾರುವ ನಾಣ್ಯಗಳಿಗೆ ಈ ಪಕ್ಕದ ಬೆಳಕು ವಿಶೇಷವಾಗಿ ಬೇಕು. ಅಚ್ಚಿನಲ್ಲೇ ಜೋಡಿಯಾಗಿ ಕೆತ್ತನೆಯಾಗಿದ್ದರೆ ಎರಡೂ ಅಕ್ಷರಗಳು ದುಂಡಗೆ, ಪೂರ್ಣ ಎತ್ತರಕ್ಕೆ ನಿಂತಿರುತ್ತವೆ. ಏಟು ಬೀಳುವಾಗ ಅಚ್ಚು ಅದುರಿ ಆದ ಜೋಡಿಯಲ್ಲಿ ಅಕ್ಷರದ ಪಕ್ಕ ಒಂದು ಚಪ್ಪಟೆ ಮೆಟ್ಟಿಲು ಮಾತ್ರ ಕಾಣುತ್ತದೆ. ಮೊದಲನೆಯದಕ್ಕೆ ಬೆಲೆಯಿದೆ, ಎರಡನೆಯದಕ್ಕೆ ಇಲ್ಲವೇ ಇಲ್ಲ ಎನ್ನಬಹುದು.

ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ, ಅಮೆರಿಕದ ಪಿಸಿಜಿಎಸ್ ಅಥವಾ ಎನ್‌ಜಿಸಿ ಪ್ರಮಾಣಪತ್ರವಿರುವ ನಾಣ್ಯವಾದರೆ ನಂಬಬಹುದೇ? ಆ ಸಂಸ್ಥೆಗಳ ಪರಿಣತಿ ದೊಡ್ಡದು, ಆದರೆ ಪೆಟ್ಟಿಗೆಯನ್ನೇ ನಕಲು ಮಾಡುವವರಿದ್ದಾರೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಬೇಕು. ಸಂಖ್ಯೆ ಸಿಕ್ಕಿದರೂ ಸಾಲದು, ಅಲ್ಲಿ ಚಿತ್ರವಿದ್ದರೆ ಅದರಲ್ಲಿರುವ ನಾಣ್ಯದ ಗೀರು ಕಲೆಗಳನ್ನು ಮಾರಾಟಕ್ಕಿಟ್ಟ ನಾಣ್ಯಕ್ಕೆ ಹೋಲಿಸಬೇಕು. ‘ಸರ್ಟಿಫಿಕೇಟ್ ಇದೆ’ ಎಂದು ಲ್ಯಾಮಿನೇಟ್ ಮಾಡಿದ ಹಾಳೆ ತೋರಿಸುವವರ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ.

ಮೋಸ ಕೊಳ್ಳುವವರಿಗೆ ಮಾತ್ರವಲ್ಲ, ಮಾರುವವರಿಗೂ ಕಾದಿದೆ. ನಿಮ್ಮ ನಾಣ್ಯವನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತೇನೆ ಎಂದು ಕರೆ ಬರುತ್ತದೆ, ಆಮೇಲೆ ನೋಂದಣಿ ಶುಲ್ಕ, ತೆರಿಗೆ, ರಿಸರ್ವ್ ಬ್ಯಾಂಕಿನ ಅನುಮತಿ ಎಂದು ಒಂದೊಂದಾಗಿ ಹಣ ಕೇಳುತ್ತಾರೆ. 2021ರಲ್ಲಿ ಬೆಂಗಳೂರಿನ ಶಿಕ್ಷಕಿಯೊಬ್ಬರು 1947ರ ನಾಣ್ಯವೊಂದನ್ನು ಮಾರಲು ಹೋಗಿ, ಕೋಟಿ ರೂಪಾಯಿಯ ಮಾತು ನಂಬಿ ಸುಮಾರು ಒಂದು ಲಕ್ಷ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಹಳೆಯ ನೋಟು ನಾಣ್ಯಗಳ ವ್ಯಾಪಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ತಿಳಿಸಿತು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ವರ್ಗಾವಣೆಯನ್ನು ತಡೆಯುವ ಅವಕಾಶ ಇರುತ್ತದೆ. ತಡ ಮಾಡಿದಷ್ಟೂ ಅದು ಕೈ ಜಾರುತ್ತದೆ.

ಬೆಲೆಯ ಬಗ್ಗೆಯೂ ಒಂದು ಮಾತು. ಅಚ್ಚು ಬಿರುಕು ಬಿಟ್ಟು ನಾಣ್ಯದ ಮೇಲೆ ಎದ್ದ ಎಳೆಯಂಥ ಗೆರೆ, ಅಚ್ಚಿನ ಸಂದಿಯಲ್ಲಿ ಎಣ್ಣೆ ಜಿಡ್ಡು ತುಂಬಿ ಮಸುಕಾದ ಅಕ್ಷರ, ತುಸುವೇ ತಿರುಗಿದ ಹಿಂಬದಿ ಇವೆಲ್ಲ ಅಸಲಿ ತಪ್ಪುಗಳೇ. ಆದರೆ ಇವು ಹೆಚ್ಚು ಅಪರೂಪವಲ್ಲ, ಇವಕ್ಕೆ ಸಿಗುವುದು ಮುಖಬೆಲೆಗಿಂತ ತುಸು ಹೆಚ್ಚು, ಅಷ್ಟೆ. ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಲ್ಲಿ ಒಂದು ಸುತ್ತು ಹಾಕಿದರೆ ಇಂಥವು ಡಬ್ಬಗಳಲ್ಲಿ ರಾಶಿ ಬಿದ್ದಿರುತ್ತವೆ. ಅಸಲಿ ಲಾಖಿಯನ್ನು, ಅರ್ಧ ಬೋಳಾಗಿ ಉಳಿದ ಆಫ್ ಸೆಂಟರ್ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಲು ವ್ಯಾಪಾರಿಗಳು ಬೇಡವೆನ್ನುವುದಿಲ್ಲ. ಮಸೂರವೂ ಅವರ ಹತ್ತಿರವೇ ಇರುತ್ತದೆ.